ನಾಣ್ಯ ಬದಲಿಸುವ ಮುನ್ನ ಬೆಲೆಪಟ್ಟಿ ಬರೆದಿಡಿ: ಏಕ ಕರೆನ್ಸಿಗೆ ಹೊರಟ ಸರ್ಕಾರಗಳಿಗೆ ಬಹಿರಂಗ ಪತ್ರ

ಇವರಿಗೆ,
ಪೂರ್ವ ಆಫ್ರಿಕಾ ಸಮುದಾಯ, ಪಶ್ಚಿಮ ಆಫ್ರಿಕಾ ಆರ್ಥಿಕ ಸಮುದಾಯ ಹಾಗೂ ಏಕ ಕರೆನ್ಸಿಯ ಆಲೋಚನೆಯಲ್ಲಿರುವ ಇತರ ದೇಶಗಳ ಹಣಕಾಸು ಸಚಿವರು ಮತ್ತು ಕೇಂದ್ರ ಬ್ಯಾಂಕುಗಳ ಗವರ್ನರುಗಳು

ವಿಷಯ: ಕರೆನ್ಸಿ ಬದಲಾವಣೆಯ ಹೊತ್ತಿನಲ್ಲಿ ಚಿಲ್ಲರೆ ಬೆಲೆ

ಮಾನ್ಯರೆ,

ಪೂರ್ವ ಆಫ್ರಿಕಾ ಸಮುದಾಯದ ದೇಶಗಳು 2013ರ ನವೆಂಬರ್ 30ರಂದು ಕಂಪಾಲಾದಲ್ಲಿ ಏಕ ಕರೆನ್ಸಿಯ ಒಡಂಬಡಿಕೆಗೆ ಸಹಿ ಹಾಕಿದಾಗ ಇಟ್ಟುಕೊಂಡ ಗಡುವು 2024. ಅದೀಗ 2031ಕ್ಕೆ ಹೋಗಿದೆ. ಪಶ್ಚಿಮ ಆಫ್ರಿಕಾದ ‘ಇಕೋ’ 2020ರಲ್ಲೇ ಬರಬೇಕಿತ್ತು. ಈಗ 2027ರ ಮಾತು ನಡೆದಿದೆ. ಬ್ರಿಕ್ಸ್ ದೇಶಗಳಿಗೂ ಒಂದೇ ಕರೆನ್ಸಿಯಂತೆ ಎಂಬ ಸುದ್ದಿ ಆಗಾಗ ತೇಲಿಬಂದು ಮಾಯವಾಗುತ್ತದೆ. ಗಡುವು ಮುಂದೆ ಹೋದದ್ದಕ್ಕೆ ನಮ್ಮ ತಕರಾರಿಲ್ಲ. ಕೈಗೆ ಸಿಕ್ಕ ಸಮಯವನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದಷ್ಟೇ ನಮ್ಮ ಪ್ರಶ್ನೆ. ಹಣದುಬ್ಬರ ಶೇ 8 ಮೀರಬಾರದು, ವಿತ್ತೀಯ ಕೊರತೆ ಜಿಡಿಪಿಯ ಶೇ 3 ದಾಟಬಾರದು, ನಾಲ್ಕೂವರೆ ತಿಂಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಕೈಯಲ್ಲಿರಬೇಕು ಎಂದು ಪೂರ್ವ ಆಫ್ರಿಕಾದ ಒಡಂಬಡಿಕೆ ಹೇಳುತ್ತದೆ. ಎಲ್ಲವೂ ಬೇಕಾದದ್ದೇ. ಅಷ್ಟೇ ಗಮನ ಅಂಗಡಿಯ ಕಪಾಟಿಗೆ ಅಂಟಿಸಿದ ಬೆಲೆಚೀಟಿಗೂ ಸಿಗಲಿ ಎಂದು ಈ ಪತ್ರ.

ಏಕ ಕರೆನ್ಸಿಯ ಪರ ಇರುವವರು ‘ಬೆಲೆ ಇಳಿಯುತ್ತದೆ’ ಎನ್ನುತ್ತಾರೆ, ವಿರೋಧಿಗಳು ‘ಬೆಲೆ ಗಗನಕ್ಕೇರುತ್ತದೆ’ ಎನ್ನುತ್ತಾರೆ. ಯೂರೋದ ಕಾಲು ಶತಮಾನದ ಲೆಕ್ಕ ಇಬ್ಬರ ಪರವೂ ನಿಲ್ಲುವುದಿಲ್ಲ. ನಾಣ್ಯ ಬದಲಾಯಿತೆಂಬ ಒಂದೇ ಕಾರಣಕ್ಕೆ ಬೆಲೆ ಏರಿದ್ದು ತೀರ ಕಡಿಮೆ. ಅದೇ ಕಾರಣಕ್ಕೆ ಬೆಲೆ ಇಳಿದದ್ದು ಅದಕ್ಕಿಂತಲೂ ಕಡಿಮೆ. ನಿಜವಾಗಿ ಬೆಲೆ ಇಳಿದ ಕಡೆಯಲ್ಲೆಲ್ಲ ಯಾವುದೋ ಒಂದು ಬೇಲಿಯನ್ನು ಕಾನೂನು ಹಿಡಿದು ಕಿತ್ತಿತ್ತು. ಜನರ ಎದುರು ನೀವು ಮಾಡುವ ಮೊದಲ ಭಾಷಣದಲ್ಲೇ ಇದನ್ನು ಹೇಳಿಬಿಡಿ. ಮೊದಲು ಅಗ್ಗದ ಆಸೆ ಹುಟ್ಟಿಸಿ ಆಮೇಲೆ ವಿವರಣೆ ಕೊಡಲು ಹೋದವರ ಮಾತು ಯಾವ ದೇಶದಲ್ಲೂ ನಡೆದಿಲ್ಲ.

ಮೊದಲು ಏರಿಕೆಯ ಲೆಕ್ಕ. 2002ರ ಜನವರಿ 1ರಂದು 12 ದೇಶಗಳಲ್ಲಿ ಯೂರೋ ನೋಟು, ನಾಣ್ಯಗಳು ಚಲಾವಣೆಗೆ ಬಂದವು. ಆ ವರ್ಷ ಯೂರೋ ವಲಯದ ಹಣದುಬ್ಬರ ಸುಮಾರು ಶೇ 2.3. ಅದರಲ್ಲಿ ನಾಣ್ಯ ಬದಲಾವಣೆಯ ಪಾಲು 0.12ರಿಂದ 0.29 ಶೇಕಡಾ ಅಂಶ ಎಂದು ಯುರೋಪಿನ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್ ಅಂದಾಜು ಮಾಡಿತು. ಎಂದರೆ ತಿಂಗಳಿಗೆ 1,000 ಯೂರೋ ಖರ್ಚು ಮಾಡುವ ಮನೆಗೆ ಹೆಚ್ಚೆಂದರೆ 3 ಯೂರೋ. 2007ರಲ್ಲಿ ಯೂರೋ ಸೇರಿದ ಸ್ಲೊವೇನಿಯಾದಲ್ಲಿ ಸುಮಾರು 0.3, 2023ರಲ್ಲಿ ಸೇರಿದ ಕ್ರೊಯೇಷಿಯಾದಲ್ಲಿ 0.2ರಿಂದ 0.4. ಇನ್ನೊಂದು ವಿಚಿತ್ರ ನೋಡಿ: ಕ್ರೊಯೇಷಿಯಾದ ಹಣದುಬ್ಬರ 2022ರ ಡಿಸೆಂಬರಿನಲ್ಲಿ ಶೇ 12.7 ಇತ್ತು, ಯೂರೋ ಬಂದ ಜನವರಿಯಲ್ಲಿ ಶೇ 12.5. ಒಟ್ಟು ಅಂಕಿ ಇಳಿದಿತ್ತು, ಬೀದಿಯಲ್ಲಿ ಕೂಗು ಏರಿತ್ತು.

ಕೂಗಿದವರು ಸುಳ್ಳು ಹೇಳುತ್ತಿರಲಿಲ್ಲ. ಸರ್ಕಾರಗಳು ಪದೇ ಪದೇ ಎಡವುವುದು ಇಲ್ಲೇ. ಬೆಲೆ ಸೂಚ್ಯಂಕದಲ್ಲಿ ಫ್ರಿಜ್, ಕಾರು, ಬಾಡಿಗೆ, ಪೀಠೋಪಕರಣ ಎಲ್ಲವೂ ಸೇರುತ್ತವೆ. ನಾಣ್ಯ ಬದಲಾದ ದಿನ ಅವುಗಳ ಬೆಲೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಏರುವುದು ಕಾಫಿ, ಬ್ರೆಡ್ಡು, ಪತ್ರಿಕೆ, ಕ್ಷೌರ, ಪಾರ್ಕಿಂಗು, ಹೋಟೆಲ್ ಊಟ. ಖರ್ಚಿನ ಒಟ್ಟು ಮೊತ್ತದಲ್ಲಿ ಇವುಗಳ ತೂಕ ಚಿಕ್ಕದು. ಆದರೆ ಇವಕ್ಕೆ ದಿನಕ್ಕೊಮ್ಮೆ, ವಾರಕ್ಕೊಮ್ಮೆ ಜೇಬಿನಿಂದ ಚಿಲ್ಲರೆ ತೆಗೆದು ಕೊಡುತ್ತೇವೆ, ಆದ್ದರಿಂದ ಹಳೆಯ ಬೆಲೆ ಬಾಯಿಪಾಠ. ಫ್ರಿಜ್ಜಿನ ಹಳೆಯ ಬೆಲೆ ಯಾರಿಗೆ ನೆನಪಿರುತ್ತದೆ? ಏರಿದ ನಾಲ್ಕು ವಸ್ತು ಮನಸ್ಸಿನಲ್ಲಿ ಕೂರುತ್ತವೆ, ಇಳಿದ ನಾಲ್ಕು ಕಣ್ಣಿಗೇ ಬೀಳುವುದಿಲ್ಲ. ಜರ್ಮನಿಯಲ್ಲಿ ‘ದುಬಾರಿ’ ಎನ್ನುವ ‘ಟೊಯರ್’ ಪದವನ್ನು ಯೂರೋದೊಂದಿಗೆ ಬೆಸೆದು ‘ಟೊಯರೊ’ ಎಂಬ ಹೊಸ ಪದವನ್ನೇ ಜನ ಹುಟ್ಟಿಸಿದರು. 2002ರ ‘ವರ್ಷದ ಪದ’ವಾಗಿ ಆಯ್ಕೆಯಾದದ್ದೂ ಅದೇ. ಬೆಲೆ ಎಷ್ಟು ಏರಿದೆ ಎಂದು ಜನರಿಗೆ ಅನ್ನಿಸುತ್ತದೆಯೋ ಅದಕ್ಕೂ ಅಳೆದ ಏರಿಕೆಗೂ ನಡುವೆ ಆಗ ಬಿದ್ದ ಬಿರುಕು ಯೂರೋ ವಲಯದಲ್ಲಿ ಕೆಲವು ವರ್ಷ ಮುಚ್ಚಲಿಲ್ಲ.

ಹೋಟೆಲುಗಳು ಆಗಲೇ ಏಕೆ ಏರಿಸಿದವು ಎಂಬುದಕ್ಕೆ ದುರಾಸೆಗಿಂತ ಸಪ್ಪೆಯಾದ ಕಾರಣವೊಂದಿದೆ. ಮೆನು ಮರುಮುದ್ರಣಕ್ಕೆ ದುಡ್ಡು ಬೇಕು. ಹೇಗೂ ಜನವರಿಯಲ್ಲಿ ಎಲ್ಲ ಹೊಸದಾಗಿ ಅಚ್ಚಾಗಬೇಕಲ್ಲ ಎಂದು ಹಿಂದಿನ ಕೆಲವು ತಿಂಗಳು ಏರಿಸಬೇಕಾದದ್ದನ್ನು ಏರಿಸದೆ ತಡೆದಿಟ್ಟರು. ಮುಂದಿನ ಕೆಲವು ತಿಂಗಳಿನದನ್ನೂ ಸೇರಿಸಿ ಒಂದೇ ಏಟಿಗೆ ಹಾಕಿದರು. ವರ್ಷದ ಲೆಕ್ಕದಲ್ಲಿ ಅದು ಹರಡಿಹೋಗುತ್ತದೆ, ಗಿರಾಕಿಗೆ ಮಾತ್ರ ಒಂದೇ ದಿನ ಬಡಿಯುತ್ತದೆ. ಇದನ್ನು ತಡೆಯಲು ಸುಲಭದ ದಾರಿಯೊಂದಿದೆ. ಬದಲಾವಣೆಗೆ ಆರು ತಿಂಗಳ ಮೊದಲೇ ಎರಡೂ ಕರೆನ್ಸಿಯ ಬೆಲೆ ಬರೆಯುವುದನ್ನು ಕಡ್ಡಾಯ ಮಾಡಿ. ಮೆನು ಆಗಲೇ ಅಚ್ಚಾಗುತ್ತದೆ, ಏರಿಸುವವರು ಏರಿಸುತ್ತಾರೆ, ಹಳೆಯ ನಾಣ್ಯದ ಅಳತೆಯಲ್ಲೇ ಜನ ಅದನ್ನು ಅಳೆಯುತ್ತಾರೆ.

ಇನ್ನು ಪರಿವರ್ತನೆಯ ಗಣಿತ. ಇಲ್ಲಿ ಸಡಿಲ ಬಿಟ್ಟರೆ ಆಮೇಲೆ ಯಾವ ತನಿಖಾಧಿಕಾರಿಯೂ ಏನೂ ಮಾಡಲಾರ. ಯುರೋಪು 1997ರಲ್ಲೇ ನಿಯಮ ಮಾಡಿತ್ತು: ಪರಿವರ್ತನಾ ದರದಲ್ಲಿ ಆರು ಅರ್ಥಪೂರ್ಣ ಅಂಕಿ ಇರಬೇಕು, ಲೆಕ್ಕ ಹಾಕುವಾಗ ಅದನ್ನು ಮೊಟಕುಗೊಳಿಸಬಾರದು, ತಿರುಗುಮುರುಗು ದರ ಬಳಸಬಾರದು, ಕೊನೆಯ ಮೊತ್ತವನ್ನು ಮಾತ್ರ ಹತ್ತಿರದ ಸೆಂಟಿಗೆ ಸರಿಹೊಂದಿಸಬೇಕು, ಸರಿಯಾಗಿ ಅರ್ಧ ಬಂದರೆ ಮೇಲಕ್ಕೆ. ಒಂದು ಯೂರೋಗೆ ಜರ್ಮನಿಯ ಮಾರ್ಕ್ 1.95583, ಇಟಲಿಯ ಲೀರಾ 1936.27, ಕ್ರೊಯೇಷಿಯಾದ ಕೂನಾ 7.53450. ಇಷ್ಟು ಉದ್ದದ ಅಂಕಿ ಏಕೆ ಎಂದು ಕೇಳುವವರಿಗೆ: 1,000 ಕೂನಾವನ್ನು 7.53450ರಿಂದ ಭಾಗಿಸಿದರೆ 132.72 ಯೂರೋ. ಸುಲಭವಿರಲಿ ಎಂದು 7.5ರಿಂದ ಭಾಗಿಸಿದರೆ 133.33. ಕೊಳ್ಳುವವನ ಜೇಬಿನಿಂದ 61 ಸೆಂಟ್ ಹೋಯಿತು. ಅದೇ ಒಂದು ಕೂನಾ ಎಂದರೆ 0.13 ಯೂರೋ ಎಂದು ತಿರುಗಿಸಿಕೊಂಡು ಗುಣಿಸಿದರೆ 130 ಯೂರೋ ಮಾತ್ರ ಬರುತ್ತದೆ. 10,000 ಕೂನಾ ಸಂಬಳಕ್ಕೆ ಈ ಸೂತ್ರ ಹಚ್ಚಿದರೆ ನೌಕರನಿಗೆ ಸಿಗಬೇಕಾದ 1,327.23ರಲ್ಲಿ 27 ಯೂರೋಗೂ ಹೆಚ್ಚು ಖೋತಾ. ಮಾರುವಾಗ ಒಂದು ಸೂತ್ರ, ಕೊಡುವಾಗ ಇನ್ನೊಂದು ಸೂತ್ರ ಎಂಬ ಜಾಣತನಕ್ಕೆ ದಾರಿ ಇರಬಾರದೆಂದೇ ತಿರುಗುಮುರುಗು ದರಕ್ಕೆ ನಿಷೇಧ.

ಗಣಿತ ನಿಜಕ್ಕೂ ಕೆಡುವ ಜಾಗ ಬೇರೊಂದಿದೆ: ನಿಮಿಷಕ್ಕಿಷ್ಟು, ಯುನಿಟ್‌ಗಿಷ್ಟು, ಲೀಟರಿಗಿಷ್ಟು ಎನ್ನುವ ದರಗಳು. ನಿಮಿಷಕ್ಕೆ 0.09 ಮಾರ್ಕ್ ಇದ್ದ ಫೋನ್ ದರ ಯೂರೋದಲ್ಲಿ 0.046016. ಅದನ್ನು 0.05 ಮಾಡಿಬಿಟ್ಟರೆ ದರ ಶೇ 8.7 ಏರಿದಂತೆ. 1,000 ನಿಮಿಷಕ್ಕೆ 46.02 ಯೂರೋ ಬದಲು 50 ಕಟ್ಟಬೇಕು. ಇಂಥದ್ದೇ ತಕರಾರೊಂದು ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. ನಿಮಿಷದ ದರವೆಂಬುದು ಗ್ರಾಹಕ ಕಟ್ಟುವ ಮೊತ್ತವಲ್ಲ, ಆದ್ದರಿಂದ ಅದನ್ನು ಪ್ರತಿಸಲ ಸೆಂಟಿಗೆ ಸರಿಹೊಂದಿಸಬೇಕಾಗಿಲ್ಲ ಎಂದು 2004ರಲ್ಲಿ ತೀರ್ಪು ಬಂತು. ನಿಮ್ಮ ಕಾನೂನಿನಲ್ಲಿ ಇದಕ್ಕೆ ಮೊದಲೇ ಒಂದು ಸಾಲು ಇರಲಿ: ಘಟಕ ದರವನ್ನು ಕನಿಷ್ಠ ನಾಲ್ಕು ದಶಮಾಂಶದವರೆಗೆ ಬರೆಯಬೇಕು, ಸರಿಹೊಂದಿಸುವುದೇನಿದ್ದರೂ ಬಿಲ್ಲಿನ ಕೊನೆಯ ಸಾಲಿನಲ್ಲಿ. ಮೊಬೈಲ್ ರೀಚಾರ್ಜು, ವಿದ್ಯುತ್ತು, ಬಸ್ಸಿನ ಕಿಲೋಮೀಟರ್ ದರ, ಮೊಬೈಲ್ ಹಣ ವರ್ಗಾವಣೆಯ ಶುಲ್ಕ ಎಲ್ಲಕ್ಕೂ ಇದು ಅನ್ವಯಿಸಬೇಕು. ಸಣ್ಣ ಮೊತ್ತದ ವ್ಯವಹಾರ ಹೆಚ್ಚಿರುವ ದೇಶಗಳಲ್ಲಿ ಕಾಫಿ ಬೆಲೆಗಿಂತ ಇದೇ ಹೆಚ್ಚು ಕೈ ಕಚ್ಚುತ್ತದೆ.

‘99’ರ ಮೋಹವನ್ನೂ ಲೆಕ್ಕಕ್ಕೆ ಹಿಡಿಯಿರಿ. 1.99 ಮಾರ್ಕಿನ ವಸ್ತು ನಿಯಮದಂತೆ 1.02 ಯೂರೋ ಆಗುತ್ತದೆ. ಆ ಅಂಕಿ ಅಂಗಡಿಯವನ ಕಣ್ಣಿಗೆ ಸೊಗಸಾಗಿ ಕಾಣುವುದಿಲ್ಲ. 0.99 ಮಾಡಿದರೆ ಅವನಿಗೆ ಶೇ 2.7 ನಷ್ಟ, 1.09 ಮಾಡಿದರೆ ಶೇ 7 ಲಾಭ. ಪೈಪೋಟಿ ಬಿಗಿಯಾಗಿರುವ ದೊಡ್ಡ ಅಂಗಡಿಗಳು ಕೆಳಕ್ಕೆ ತರುತ್ತವೆ; ಬೀದಿಗೊಂದೇ ಇರುವ ಕೆಫೆ ಮೇಲಕ್ಕೆ ಒಯ್ಯುತ್ತದೆ. ನಾಣ್ಯ ನುಂಗುವ ಯಂತ್ರಗಳದ್ದು ಇನ್ನೂ ಕಷ್ಟ. ಪಾರ್ಕಿಂಗ್ ಯಂತ್ರ 10 ಸೆಂಟಿಗಿಂತ ಚಿಕ್ಕ ನಾಣ್ಯ ತೆಗೆದುಕೊಳ್ಳದಿದ್ದರೆ 77 ಸೆಂಟಿನ ಶುಲ್ಕ 80 ಆಗಲೇಬೇಕು. ಅಲ್ಲಿ ಬೆಲೆಯ ಬದಲು ನಿಮಿಷಗಳನ್ನು ಸರಿಹೊಂದಿಸಬಹುದು: 80 ಸೆಂಟಿಗೆ 60 ನಿಮಿಷದ ಬದಲು 62 ನಿಮಿಷ. ಪಾರ್ಕಿಂಗ್ ಶುಲ್ಕ ವಸೂಲಿ ಮಾಡುವುದು ಹೆಚ್ಚಿನ ಕಡೆ ನಗರಾಡಳಿತವೇ. ಸರ್ಕಾರವೇ ಮೇಲಕ್ಕೆ ಸರಿಸಿದ ಮೇಲೆ ಬೇಕರಿಯವನಿಗೆ ಬುದ್ಧಿ ಹೇಳಲು ಬಾಯಿ ಎಲ್ಲಿ?

ಅದೇ ಕಾರಣಕ್ಕೆ ದಿನಾಂಕವನ್ನೂ ಯೋಚಿಸಿ ಇಡಿ. ಲೆಕ್ಕಪತ್ರದ ಅನುಕೂಲಕ್ಕೆಂದು ಯೂರೋಗೆ ಸೇರಿದವರೆಲ್ಲ ಜನವರಿ 1ನ್ನೇ ಆರಿಸಿಕೊಂಡರು. ತೆರಿಗೆ, ಸಾರ್ವಜನಿಕ ಶುಲ್ಕ, ವಾರ್ಷಿಕ ದರ ಪರಿಷ್ಕರಣೆ ಜಾರಿಯಾಗುವುದೂ ಅಂದೇ. 2002ರ ಆ ದಿನವೇ ಜರ್ಮನಿಯಲ್ಲಿ ತಂಬಾಕು, ವಿಮೆ, ಇಂಧನದ ತೆರಿಗೆಗಳು ಏರಿದವು. ಜೊತೆಗೆ ಆ ಚಳಿಗಾಲದ ಕೊರೆತಕ್ಕೆ ಯುರೋಪಿನ ತರಕಾರಿ ಬೆಲೆ ಜಿಗಿಯಿತು. ಎಲ್ಲ ಸೇರಿ ಯೂರೋದ ತಲೆಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬದಲಾವಣೆಯ ಮೂರು ತಿಂಗಳು ಹಿಂದೆ, ಮೂರು ತಿಂಗಳು ಮುಂದೆ ಸರ್ಕಾರಿ ಶುಲ್ಕ ಯಾವುದನ್ನೂ ಮುಟ್ಟುವುದಿಲ್ಲ ಎಂದು ಮೊದಲೇ ಘೋಷಿಸಿ. ಬೆಳೆ ಕೈಗೆ ಬರುವ ತಿಂಗಳು ಸಿಕ್ಕರೆ ಇನ್ನೂ ಒಳ್ಳೆಯದು.

ನೋಟು, ನಾಣ್ಯಗಳ ಮುಖಬೆಲೆ ಸಣ್ಣ ವಿಷಯ ಎನಿಸಬಹುದು. ಇಟಲಿಯ ಅತಿ ಚಿಕ್ಕ ನೋಟು 1,000 ಲೀರಾ, ಎಂದರೆ ಸುಮಾರು 52 ಸೆಂಟ್. ಯೂರೋದ ಅತಿ ಚಿಕ್ಕ ನೋಟು 5 ಯೂರೋ. 3,800 ಲೀರಾಕ್ಕೂ ಮೀರಿದ ಮೊತ್ತ 2 ಯೂರೋದ ಒಂದು ನಾಣ್ಯವಾಗಿ ಅಂಗೈಗೆ ಬಂತು. ನೋಟು ಮುರಿಸಲು ಹಿಂದೆಮುಂದೆ ನೋಡುವವರು ನಾಣ್ಯವನ್ನು ಚಿಲ್ಲರೆ ಎಂದೇ ಖರ್ಚು ಮಾಡುತ್ತಾರೆ. ಇಟಲಿಯ ಆಗಿನ ಹಣಕಾಸು ಸಚಿವ ಜೂಲಿಯೊ ಟ್ರೆಮೋಂಟಿ 1 ಯೂರೋದ ನೋಟು ಬೇಕೆಂದು ವಾದಿಸಿದ್ದರು, ಆಗಲಿಲ್ಲ. ನಿಮ್ಮ ಹೊಸ ಕರೆನ್ಸಿಯ ಒಂದು ಘಟಕದಲ್ಲಿ ಏನೇನು ಕೊಳ್ಳಬಹುದು ಎಂದು ಬಡವರ ದಿನದ ಖರ್ಚನ್ನು ಮುಂದಿಟ್ಟುಕೊಂಡು ನಿರ್ಧರಿಸಿ. ತೀರ ಚಿಕ್ಕ ನಾಣ್ಯಗಳನ್ನು ಕ್ರಮೇಣ ಕೈಬಿಡಬಹುದು. ಫಿನ್ಲೆಂಡ್ ಮೊದಲಿನಿಂದಲೂ, ನೆದರ್‌ಲೆಂಡ್ಸ್ 2004ರಿಂದ, ಐರ್ಲೆಂಡ್ 2015ರಿಂದ ನಗದು ಬಿಲ್ಲನ್ನು ಹತ್ತಿರದ 5 ಸೆಂಟಿಗೆ ತರುತ್ತಿವೆ. ಆದರೆ ಬಿಲ್ಲಿನ ಒಟ್ಟು ಮೊತ್ತಕ್ಕೆ ಮಾತ್ರ ಆ ಸರಿಹೊಂದಿಕೆ. ವಸ್ತು ವಸ್ತುವಿಗೂ ಮಾಡಲು ಬಿಟ್ಟರೆ ಪ್ರತಿ ಸಾಲಿನಲ್ಲೂ ಅಂಗಡಿಯವನಿಗೆ ಒಂದೆರಡು ಸೆಂಟ್ ಉಳಿಯಬಹುದು.

ಜೋಡಿ ಬೆಲೆಚೀಟಿಯ ಬಗ್ಗೆ. ಕ್ರೊಯೇಷಿಯಾ 2022ರ ಸೆಪ್ಟೆಂಬರ್ 5ರಿಂದ 2023ರ ಕೊನೆಯವರೆಗೆ, ಬಲ್ಗೇರಿಯಾ 2025ರ ಆಗಸ್ಟ್ 8ರಿಂದ ಒಂದು ವರ್ಷ ಎರಡೂ ಕರೆನ್ಸಿಯ ಬೆಲೆ ತೋರಿಸುವುದನ್ನು ಕಡ್ಡಾಯ ಮಾಡಿದವು. ಅವಧಿ ಸರಿಯಾಗಿಯೇ ಇದೆ. ಅದಕ್ಕಿಂತ ಹೆಚ್ಚು ಎಳೆಯಬೇಡಿ. ಹಳೆಯ ಬೆಲೆ ಚೀಟಿಯ ಮೇಲೆ ಇರುವವರೆಗೆ ಜನ ಹೊಸ ನಾಣ್ಯದಲ್ಲಿ ಯೋಚಿಸಲು ಕಲಿಯುವುದೇ ಇಲ್ಲ. ವರ್ಷಕ್ಕೆ ಶೇ 2ರಂತೆ ಬೆಲೆ ಏರಿದರೂ ಹತ್ತು ವರ್ಷಕ್ಕೆ ಶೇ 22 ಆಗುತ್ತದೆ. ಹತ್ತು ವರ್ಷದ ಹಿಂದಿನ ಲೀರಾ ಬೆಲೆಯನ್ನು ಇಂದಿನ ಯೂರೋ ಬೆಲೆಯ ಪಕ್ಕಕ್ಕೆ ಇಟ್ಟು ‘ನೋಡಿ, ಯೂರೋ ಮಾಡಿದ್ದು’ ಎನ್ನುವವರು ಈ 22ನ್ನು ಮರೆತಿರುತ್ತಾರೆ. ಚೀಟಿಯಲ್ಲಿ ಎರಡೂ ಅಂಕಿ ಒಂದೇ ಗಾತ್ರದಲ್ಲಿರಲಿ, ದರವೂ ಅಚ್ಚಾಗಿರಲಿ. ಎರಡು ನಾಣ್ಯವೂ ಒಟ್ಟಿಗೆ ಚಲಾವಣೆಯಲ್ಲಿರುವ ದಿನಗಳು ಮಾತ್ರ ಕಡಿಮೆ ಇರಬೇಕು. 2002ರಲ್ಲಿ ಎರಡು ತಿಂಗಳವರೆಗೆ ಅವಕಾಶವಿತ್ತು. ಕ್ರೊಯೇಷಿಯಾ ಎರಡು ವಾರಕ್ಕೆ ಮುಗಿಸಿತು. ಆ ದಿನಗಳಲ್ಲಿ ಹಳೆಯದನ್ನು ಪಡೆದು ಚಿಲ್ಲರೆಯನ್ನು ಹೊಸದರಲ್ಲೇ ಕೊಡಬೇಕು. ಅದಕ್ಕೆ ಬೇಕಾದ ಹೊಸ ನಾಣ್ಯ ಸಣ್ಣ ಅಂಗಡಿಗಳಿಗೆ ಒಂದು ತಿಂಗಳ ಮೊದಲೇ ತಲುಪಿರದಿದ್ದರೆ ‘ಚಿಲ್ಲರೆ ಇಲ್ಲ’ ಎಂಬ ಎರಡು ಪದಗಳೇ ಬೆಲೆ ಏರಿಸಿಬಿಡುತ್ತವೆ.

ಬೆಲೆ ಏರಿಸುವುದಿಲ್ಲ ಎಂದು ವ್ಯಾಪಾರಿಗಳಿಂದ ಪ್ರಮಾಣ ಮಾಡಿಸಿ ಬಾಗಿಲಿಗೆ ಚಿಹ್ನೆ ಅಂಟಿಸುವ ಪದ್ಧತಿ ಎಸ್ಟೋನಿಯಾ, ಲಾಟ್ವಿಯಾ, ಕ್ರೊಯೇಷಿಯಾಗಳಲ್ಲಿತ್ತು. ಬಲ್ಗೇರಿಯಾ ಇನ್ನೂ ಮುಂದೆ ಹೋಗಿ, ಆರ್ಥಿಕ ಕಾರಣವಿಲ್ಲದೆ ಬೆಲೆ ಏರಿಸುವುದನ್ನೇ ಕಾನೂನಿನಿಂದ ನಿಷೇಧಿಸಿತು. ನಮ್ಮ ಅಭಿಪ್ರಾಯ ಕೇಳಿದರೆ ಎರಡೂ ಅರೆಬೆಂದವು. ಕಾರಣ ಬೇಕೆಂದರೆ ವ್ಯಾಪಾರಿಗೆ ಹತ್ತು ಸಿಗುತ್ತವೆ: ವಿದ್ಯುತ್ತು, ಸಾಗಣೆ, ಸಂಬಳ. ಅಧಿಕಾರಿಯ ಕೈಯಲ್ಲಿ ಹಳೆಯ ಬೆಲೆಯ ದಾಖಲೆ ಇಲ್ಲದಿದ್ದರೆ ವಾದ ಅಲ್ಲಿಗೇ ಮುಗಿಯಿತು. ಕ್ರೊಯೇಷಿಯಾದಲ್ಲಿ ಯೂರೋ ಬಂದು ಎರಡು ವರ್ಷವಾದ ಮೇಲೆ, 2025ರ ಜನವರಿ 24ರಂದು, ಬೆಲೆಗಳಿಂದ ಬೇಸತ್ತ ಜನ ಅಂಗಡಿಗಳನ್ನು ಬಹಿಷ್ಕರಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಸರ್ಕಾರ ದೊಡ್ಡ ಚಿಲ್ಲರೆ ವ್ಯಾಪಾರಿಗಳು ಪ್ರತಿದಿನದ ಬೆಲೆಪಟ್ಟಿಯನ್ನು, ಕಂಪ್ಯೂಟರ್ ಓದಬಲ್ಲ ರೂಪದಲ್ಲಿ, ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಆದೇಶಿಸಿತು. ಒಳ್ಳೆಯ ಆದೇಶ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಬಂತು, ಅಷ್ಟೇ. ನೀವು ಅದನ್ನು ಬದಲಾವಣೆಗೆ 18 ತಿಂಗಳ ಮೊದಲೇ ತನ್ನಿ.

ಇಲ್ಲಿಯವರೆಗಿನದು ಏರದಂತೆ ತಡೆಯುವ ಮಾತು. ಬೆಲೆ ಇಳಿಯುವುದು ಯಾವುದರಿಂದ? ವಿನಿಮಯದ ಖರ್ಚು ಉಳಿಯುವುದಂತೂ ನಿಜ. ಒಂದೇ ಕರೆನ್ಸಿಯಾದರೆ ವರ್ಷಕ್ಕೆ ಜಿಡಿಪಿಯ ಕಾಲು ಶೇಕಡಾದಿಂದ ಅರ್ಧ ಶೇಕಡಾದಷ್ಟು ಉಳಿತಾಯ ಎಂದು 1990ರಲ್ಲಿ ಯುರೋಪಿಯನ್ ಆಯೋಗ ಅಂದಾಜಿಸಿತ್ತು. ಆದರೆ ಆ ಉಳಿತಾಯ ಮೊದಲು ಬೀಳುವುದು ಆಮದುದಾರನ ಕೈಗೆ. ಅವನ ಪಕ್ಕದಲ್ಲಿ ಇನ್ನಿಬ್ಬರು ಆಮದುದಾರರಿದ್ದರೆ ಗ್ರಾಹಕನಿಗೂ ಸ್ವಲ್ಪ ಇಳಿದೀತು, ಇಲ್ಲದಿದ್ದರೆ ಅಲ್ಲೇ ಉಳಿದೀತು. ಕರೆನ್ಸಿ ಒಂದಾದರೆ ವ್ಯಾಪಾರ ಮೂರುಪಟ್ಟಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಂಡ್ರ್ಯೂ ರೋಸ್ 2000ದಲ್ಲಿ ಹೇಳಿದಾಗ ಎಲ್ಲರೂ ಬೆರಗಾಗಿದ್ದರು. ಯೂರೋದ ನಂತರದ ಅಂದಾಜುಗಳು ಅದರ ಹತ್ತಿರವೂ ಸುಳಿಯಲಿಲ್ಲ.

ನಾಣ್ಯ ಒಂದಾದ ಮಾತ್ರಕ್ಕೆ ಬೆಲೆ ಇಳಿಯದು ಎಂಬುದಕ್ಕೆ ಯೂರೋ ವಲಯದ ಬ್ಯಾಂಕುಗಳೇ ಸಾಕ್ಷಿ. ನಾಣ್ಯ ಒಂದಾದರೂ ಗಡಿಯಾಚೆಗಿನ ಎಟಿಎಮ್‌ಗೆ, ಹಣ ಕಳಿಸುವುದಕ್ಕೆ ಬೇರೆ ಶುಲ್ಕ ಮುಂದುವರಿದಿತ್ತು. ದೇಶದೊಳಗೆ ಎಷ್ಟೋ ಗಡಿಯಾಚೆಗೂ ಅಷ್ಟೇ ಎಂಬ ನಿಯಮ ಬಂದ ಮೇಲೆ, ಕಾರ್ಡುಗಳಿಗೆ 2002ರ ಜುಲೈಯಿಂದ, ಹಣ ವರ್ಗಾವಣೆಗೆ 2003ರ ಜುಲೈಯಿಂದ ಶುಲ್ಕ ಸಮನಾಯಿತು. ರೋಮಿಂಗ್ ಶುಲ್ಕ ಹೋದದ್ದು 2017ರ ಜೂನ್ 15ರಂದು, ಅದೂ ಕಾನೂನಿನಿಂದ. ಯುರೋಪ್ ಒಕ್ಕೂಟದಲ್ಲಿದ್ದೂ ಯೂರೋ ಬಳಸದ ದೇಶಗಳಿಗೂ ಆ ಲಾಭ ಸಿಕ್ಕಿತು. ಅಲ್ಲಿ ನಾಣ್ಯಕ್ಕೆ ಕೆಲಸವೇ ಇರಲಿಲ್ಲ.

ಸಗಟು ಮಟ್ಟದ ಬೇಲಿಗಳು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅವನ್ನು ಕೀಳುವುದು ಕಷ್ಟ. ಬೆಲ್ಜಿಯಂ, ನೆದರ್‌ಲೆಂಡ್ಸ್ ನಡುವೆ ಗಡಿಕಟ್ಟೆ ಇಲ್ಲ, ನಾಣ್ಯ ಒಂದೇ. ಆದರೂ ಜೂಪಿಲೇ ಬಿಯರು ನೆದರ್‌ಲೆಂಡ್ಸಿನಲ್ಲಿ ಅಗ್ಗವಾಗಿತ್ತು, ಬೆಲ್ಜಿಯಂನಲ್ಲಿ ತುಟ್ಟಿಯಾಗಿತ್ತು. ಅಗ್ಗದ ಸರಕು ಬೆಲ್ಜಿಯಂಗೆ ಹರಿಯದಂತೆ ಎಬಿ ಇನ್‌ಬೆವ್ ಕಂಪನಿ ಡಚ್ ಮಾರುಕಟ್ಟೆಗೆ ಹೋಗುವ ಕ್ಯಾನುಗಳಿಂದ ಫ್ರೆಂಚ್ ಭಾಷೆಯ ಕಡ್ಡಾಯ ವಿವರಗಳನ್ನು ತೆಗೆದುಹಾಕಿತ್ತು. ಫ್ರೆಂಚ್ ಇಲ್ಲದ ಕ್ಯಾನನ್ನು ಬೆಲ್ಜಿಯಂನ ಫ್ರೆಂಚ್ ಭಾಷಿಕ ಪ್ರದೇಶದಲ್ಲಿ ಮಾರುವಂತಿಲ್ಲ! 2019ರಲ್ಲಿ ಆಯೋಗ ವಿಧಿಸಿದ ದಂಡ ಸುಮಾರು 20 ಕೋಟಿ ಯೂರೋ. 2024ರ ಮೇ ತಿಂಗಳಲ್ಲಿ ಚಾಕೊಲೇಟು, ಬಿಸ್ಕತ್ತು, ಕಾಫಿಗಳನ್ನು ಅಗ್ಗದ ದೇಶದಿಂದ ತುಟ್ಟಿ ದೇಶಕ್ಕೆ ಮರುಮಾರಾಟವಾಗದಂತೆ ತಡೆದದ್ದಕ್ಕೆ ಮೊಂಡೆಲೀಸ್ ಕಂಪನಿಗೆ 33.75 ಕೋಟಿ ಯೂರೋ ದಂಡ ಬಿತ್ತು. ಚಿಲ್ಲರೆ ವ್ಯಾಪಾರಿ ಯಾವ ದೇಶದ ಡಿಪೋದಿಂದ ಕೊಳ್ಳಬೇಕೆಂದು ತಯಾರಕನೇ ಗೆರೆ ಎಳೆಯುವ ಇಂಥ ಕಟ್ಟುಪಾಡುಗಳಿಲ್ಲದಿದ್ದರೆ ಯುರೋಪಿನ ಗ್ರಾಹಕರಿಗೆ ವರ್ಷಕ್ಕೆ ಸುಮಾರು 1,400 ಕೋಟಿ ಯೂರೋ ಉಳಿಯುತ್ತಿತ್ತು ಎಂದು ಆಯೋಗ ಮಾಡಿಸಿದ ಅಧ್ಯಯನ ಹೇಳಿದೆ. ನಾಣ್ಯ ಬಂದು ಎರಡು ದಶಕ ಕಳೆದ ಮೇಲಿನ ಮಾತಿದು. ಬೇರೆ ಬೇರೆ ಕಂಪನಿಗಳು ಒಳಗೊಳಗೇ ಸೇರಿ ಬೆಲೆ ನಿಗದಿ ಮಾಡಿಕೊಳ್ಳುವುದನ್ನು ಮಾತ್ರ ನೋಡುವ ಸ್ಪರ್ಧಾ ಕಾನೂನು ಇದಕ್ಕೆ ಸಾಲದು. ಒಂದೇ ಕಂಪನಿ ದೇಶದಿಂದ ದೇಶಕ್ಕೆ ಸರಬರಾಜು ತಡೆಯುವುದನ್ನೂ ಅದು ಹಿಡಿಯಬೇಕು, ಲೇಬಲ್ ಭಾಷೆಯ ನಿಯಮ ಆಯುಧವಾಗದಂತೆ ನೋಡಿಕೊಳ್ಳಬೇಕು.

ನಿಮ್ಮಲ್ಲಿ ಬೇಲಿಗಳು ಇನ್ನೂ ಬಯಲಲ್ಲೇ ಇವೆ. ಪೂರ್ವ ಆಫ್ರಿಕಾದಲ್ಲಿ ಸುಂಕ ಒಕ್ಕೂಟ 2005ರಿಂದ, ಸಾಮಾನ್ಯ ಮಾರುಕಟ್ಟೆ 2010ರಿಂದ ಇದೆ. ಆದರೂ 2021ರ ಮಾರ್ಚಿನಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಕಾರಣ ಕೊಟ್ಟು ಕೀನ್ಯಾ ಯುಗಾಂಡಾ, ತಾಂಜಾನಿಯಾಗಳ ಮೆಕ್ಕೆಜೋಳವನ್ನು ನಿಲ್ಲಿಸಿತು. ಆರೋಗ್ಯದ ಪ್ರಶ್ನೆ ನಿಜವೇ ಇರಬಹುದು. ಆದರೆ ಒಂದು ದೇಶದ ಪ್ರಯೋಗಾಲಯದ ವರದಿಯನ್ನು ಇನ್ನೊಂದು ದೇಶ ಒಪ್ಪುವ ವ್ಯವಸ್ಥೆ ಗಟ್ಟಿಯಾಗುವವರೆಗೆ ಎರಡೂ ಕಡೆ ಒಂದೇ ನೋಟು ಓಡಾಡಿದರೂ ಹಿಟ್ಟಿನ ಬೆಲೆ ಎರಡೇ ಇರುತ್ತದೆ.

ಇನ್ನೊಂದು ಭ್ರಮೆಯನ್ನು ಬೇಗ ಮುಗಿಸೋಣ: ನಾಣ್ಯ ಒಂದಾದರೆ ಹಣದುಬ್ಬರವೂ ಒಂದೇ ಎಂಬುದು. 2022ರ ಆಗಸ್ಟಿನಲ್ಲಿ ಎಸ್ಟೋನಿಯಾದ ಹಣದುಬ್ಬರ ಶೇ 25.2, ಫ್ರಾನ್ಸಿನದು ಶೇ 6.6. ಎರಡಕ್ಕೂ ಒಂದೇ ಕೇಂದ್ರ ಬ್ಯಾಂಕು, ಒಂದೇ ಬಡ್ಡಿದರ. ಎಸ್ಟೋನಿಯಾದ ಮನೆಗಳ ವಿದ್ಯುತ್ ಬಿಲ್ಲು ಮಾರುಕಟ್ಟೆ ದರದ ಜೊತೆ ಕುಣಿಯಿತು. ಫ್ರೆಂಚ್ ಸರ್ಕಾರ ತನ್ನಲ್ಲಿ ಬಿಲ್ಲಿಗೆ ಮಿತಿ ಹಾಕಿತ್ತು. ಮೌಲ್ಯವರ್ಧಿತ ತೆರಿಗೆಯೂ ಒಂದೇ ಇಲ್ಲ: ಲಕ್ಸೆಂಬರ್ಗಿನಲ್ಲಿ ಶೇ 17, ಫಿನ್ಲೆಂಡಿನಲ್ಲಿ ಶೇ 25.5. ಬಡ ದೇಶ ಬೆಳೆದಂತೆ ಅಲ್ಲಿನ ಕೂಲಿ, ಕ್ಷೌರ, ಬಾಡಿಗೆ ಶ್ರೀಮಂತ ದೇಶದ ಮಟ್ಟದತ್ತ ಏರುತ್ತವೆ, ಏರಬೇಕು ಕೂಡ. ಅದನ್ನು ತಡೆಯಲು ಹೊರಟರೆ ಸಂಬಳವನ್ನೇ ತಡೆದಂತೆ. ತೊಂದರೆ ಬರುವುದು ಒಂದೇ ಬಡ್ಡಿದರ ಎಲ್ಲರಿಗೂ ಹೊಂದದಿದ್ದಾಗ. 2003ರ ಜೂನ್‌ನಿಂದ 2005ರ ಡಿಸೆಂಬರಿನವರೆಗೆ ಯೂರೋ ವಲಯದ ಬಡ್ಡಿದರ ಶೇ 2 ಇತ್ತು. ಸ್ಪೇನಿನಲ್ಲಿ ಹಣದುಬ್ಬರ ಅದನ್ನೂ ಮೀರಿತ್ತು. ಸಾಲ ಮಾಡಿದವನೇ ಜಾಣ ಎಂಬ ಸ್ಥಿತಿಯಲ್ಲಿ ಸ್ಪೇನ್, ಐರ್ಲೆಂಡ್‌ಗಳ ಮನೆ ಬೆಲೆ ಉಬ್ಬಿ ಆಮೇಲೆ ಒಡೆಯಿತು. ಕರೆನ್ಸಿ ಕಳೆದುಕೊಂಡ ಮೇಲೆ ಗೃಹಸಾಲದ ಮಿತಿಯನ್ನು ಬಿಗಿ ಮಾಡುವ ಅಧಿಕಾರವನ್ನಾದರೂ ಪ್ರತಿ ದೇಶ ಉಳಿಸಿಕೊಳ್ಳಬೇಕು.

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಲವು ದೇಶಗಳು ಹಂಚಿಕೊಂಡಿರುವ ಸಿಎಫ್‌ಎ ಫ್ರಾಂಕ್ ಬಳಕೆದಾರರಿಗೆ ಇದರ ಇನ್ನೊಂದು ಮುಖ ಗೊತ್ತು. 1994ರ ಜನವರಿಯಲ್ಲಿ ಒಂದು ಫ್ರೆಂಚ್ ಫ್ರಾಂಕಿಗೆ 50 ಇದ್ದ ದರವನ್ನು ಒಮ್ಮೆಗೇ 100 ಮಾಡಲಾಯಿತು. ಆಮದು ಔಷಧ, ಅಕ್ಕಿ, ಇಂಧನದ ಮೂಲಬೆಲೆ ಅಲ್ಲಿನ ಹಣದಲ್ಲಿ ಎರಡು ಪಟ್ಟು. ಏಕ ಕರೆನ್ಸಿಯ ಹೊರಗಿನ ದರ ಯಾರು, ಹೇಗೆ, ಯಾವ ಮುನ್ಸೂಚನೆಯೊಂದಿಗೆ ಬದಲಿಸುತ್ತಾರೆ ಎಂಬುದು ಒಡಂಬಡಿಕೆಯಲ್ಲೇ ಬರೆದಿರಬೇಕು.

ಈಗ ನಮ್ಮ ಬೇಡಿಕೆ. ಬುಸಿಯಾ ಎಂಬ ಊರು ಕೀನ್ಯಾದಲ್ಲೂ ಇದೆ, ಯುಗಾಂಡಾದಲ್ಲೂ ಇದೆ. ನಡುವೆ ಹಾದುಹೋಗುವುದು ಗಡಿ. ಕೆಲಸ ಅಲ್ಲಿಂದ ಶುರುವಾಗಲಿ. ಜನ ದಿನವೂ ಕೊಳ್ಳುವ ನೂರು ವಸ್ತುಗಳನ್ನು ಆರಿಸಿ: ಹಿಟ್ಟು, ಸಕ್ಕರೆ, ಅಡುಗೆ ಎಣ್ಣೆ, ಸಾಬೂನು, ಸೀಮೆಎಣ್ಣೆ, ಮೊಬೈಲ್ ಡೇಟಾ, ಕ್ಷೌರ, ಬೈಕ್ ಟ್ಯಾಕ್ಸಿ. ಬ್ರ್ಯಾಂಡು, ತೂಕ, ಅಂಗಡಿ ಬದಲಾಗದಂತೆ ನೋಡಿಕೊಂಡು ಪ್ರತಿ ತಿಂಗಳು ಒಂದೇ ದಿನ ಎರಡೂ ಬದಿಯ ಬೆಲೆ ಬರೆದುಕೊಳ್ಳಿ. ಪ್ರತಿ ವಸ್ತುವಿನ ಬೆಲೆಯ ಅಂತರವನ್ನು ಐದು ಕಂಬಸಾಲಿನಲ್ಲಿ ಒಡೆಯಿರಿ: ತೆರಿಗೆ, ಸಾಗಣೆ, ಗಡಿಯಲ್ಲಿ ಕಾಯುವಿಕೆ, ಹಣ ವಿನಿಮಯ, ಉಳಿದದ್ದು. ಏಕ ಕರೆನ್ಸಿ ಅಳಿಸಬಲ್ಲದ್ದು ನಾಲ್ಕನೆಯ ಸಾಲನ್ನು ಮಾತ್ರ. ಅದರಲ್ಲಿ ಎಷ್ಟು ಅಂಕಿ ಇದೆ ಎಂಬುದನ್ನು ಹೊಸ ನೋಟಿನ ವಿನ್ಯಾಸ ಪ್ರಕಟಿಸುವ ಮೊದಲು ಪ್ರಕಟಿಸಿ.

ಇತಿ,
ಗ್ರಾಹಕ ಬೆಲೆಗಳ ಅಂಕಿಅಂಶದ ಮೇಲೆ ಕೆಲಸ ಮಾಡುವವರು